ಮಾಮ ಹೇಳದೆ ಬಿಟ್ಟ ಎರಡು ಸದ್ದು

ಹೋದ ವಾರ ಸೊರಬದಿಂದ ಶಿಕಾರಿಪುರಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಬಿಸಿಲು ಚೆನ್ನಾಗಿತ್ತು. ತಾಳಗುಂದದ ಕಡೆಗೆ ಒಡೆಯುವ ರಸ್ತೆಯ ಬಳಿ ಎರಡೂ ಬದಿಗೆ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ತೆನೆ ಹಾಲುಗಟ್ಟುವ ಹೊತ್ತು. ಹೊಲದೊಳಗೆ ಎಲ್ಲೋ ಕೋತಿ ಓಡಿಸಲು ಯಾರೋ ಪಟಾಕಿ ಹೊಡೆದರು. ಸದ್ದಿಗೆ ನಾನು ಅಷ್ಟಾಗಿ ಬೆಚ್ಚಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಸುಟ್ಟ ಮದ್ದಿನ ವಾಸನೆ ರಸ್ತೆಗೆ ಬಂತು. ಬ್ರೇಕು ಯಾವಾಗ ಹಿಡಿದೆನೋ ಗೊತ್ತಿಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಮೋರಿಯ ಕಟ್ಟೆಯ ಮೇಲೆ ಕೂತೆ. ಕಲ್ಲು ಅಲುಗಾಡುತ್ತಿಲ್ಲ ಎಂದು ಎರಡೂ ಅಂಗೈ ಊರಿ ನೋಡಿಕೊಂಡೆ. ಹೊಲದಿಂದ ಹೊರಬಂದ ಹೆಂಗಸೊಬ್ಬರು, “ಏನಾತ್ರೀ ಅಕ್ಕಾ, ತಲೆ ಸುತ್ತು ಬಂತೇನು?” ಎಂದರು. ಹೌದು ಎಂದೆ. ಸಮುದ್ರ ಬಂತು ಎಂದರೆ ಅವರು ನಗುತ್ತಿದ್ದರು.

ಹೋದ ವರ್ಷದ ಮುಂಗಾರು ಪೂರ್ತಿ ನಾನು ಹೀಗೇ ಇದ್ದೆ. ಆಗ ಸ್ಕೂಟರು ಹತ್ತುವ ಧೈರ್ಯವೂ ಇರಲಿಲ್ಲ.

ನಮ್ಮದು ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗೊಬ್ಬರದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಸಮುದ್ರ ವಿಜ್ಞಾನ ಓದಲು ಪೋರ್ಚುಗಲ್‌ಗೆ ಹೋದವಳು. ಬೀದಿಯವರು ಅದನ್ನು “ಮೀನಿನ ಓದು” ಎನ್ನುತ್ತಾರೆ. ಆ ಹುಚ್ಚು ಹಿಡಿಸಿದವನು ನನ್ನ ಮಾಮ, ಅವ್ವನ ತಮ್ಮ ಗಂಗಾಧರ. ಸೊರಬದ ಆಚೆಯ ಹಳ್ಳಿಯವನು. ಹುಡುಗನಾಗಿದ್ದಾಗ ಅಜ್ಜನ ಹೊಲಕ್ಕೆ ಕಾಡುಹಂದಿ ನುಗ್ಗದ ಹಾಗೆ ಕಾಯುತ್ತಿದ್ದವನು ಮುಂದೆ ಹಡಗು ಸೇರಿದ, ಹಗ್ಗ ಎಳೆದ, ಬಣ್ಣ ಬಳಿದ, ಕೊನೆಗೆ ಹಾಯಿದೋಣಿ ನಡೆಸುವ ಪರ್ಮಿಟ್ ಪಡೆದ. ಯುರೋಪಿನ ಶ್ರೀಮಂತರು ಒಂದು ಊರಲ್ಲಿ ದೋಣಿ ಕೊಂಡು ಇನ್ನೊಂದು ಊರಲ್ಲಿ ಇಟ್ಟುಕೊಳ್ಳುತ್ತಾರೆ. ನಡುವಿನ ಸಮುದ್ರ ದಾಟಿಸಿ ಅದನ್ನು ತಲುಪಿಸುವುದು ಮಾಮನ ಕೆಲಸ. ಮದುವೆ ಮಾಡಿಕೊಳ್ಳಲಿಲ್ಲ. ತನ್ನ ಪಾಲಿನ ಹೊಲವನ್ನು ಅಣ್ಣನಿಗೆ ಬರೆದುಕೊಟ್ಟಿದ್ದ. ಆ ಪರ್ಮಿಟ್ ಒಂದೇ ಅವನ ಆಸ್ತಿ.

ಹೋದ ವರ್ಷ ಮೇ ತಿಂಗಳಲ್ಲಿ ನನಗೆ ರಜೆ ಬಿತ್ತು. ಮಾಮನಿಗೆ ಪೋರ್ಚುಗಲ್‌ನ ದಕ್ಷಿಣ ತೀರದಿಂದ ಜಿಬ್ರಾಲ್ಟರ್ ಕಡೆಗೆ ಒಂದು ದೋಣಿ ಸಾಗಿಸುವ ಕೆಲಸ ಸಿಕ್ಕಿತು. “ಪುಸ್ತಕದಾಗೆ ಓದಿದ್ದು ಸಾಕು, ಬಾರೇ” ಎಂದು ಕರೆದ. ಹೋದೆ. ಜೂನ್‌ನಲ್ಲಿ ಇಬ್ಬರೂ ಶಿಕಾರಿಪುರಕ್ಕೆ ಬಂದಾಗ ಅವನ ಬಲಗೈ ಮೊಣಕೈವರೆಗೆ ಪ್ಲಾಸ್ಟರ್‌ನಲ್ಲಿತ್ತು. ನನ್ನ ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೂ ಅವ್ವ ಬಾಗಿಲಲ್ಲಿ ನಮ್ಮಿಬ್ಬರನ್ನೂ ನೋಡಿದವಳು ಮೊದಲು ಹಿಡಿದುಕೊಂಡಿದ್ದು ನನ್ನನ್ನು.

ಆಗ ಗೊಬ್ಬರದ ಸೀಸನ್. ಒಂದು ಹದ ಮಳೆ ಬಿದ್ದು ಮೆಕ್ಕೆಜೋಳ ಬಿತ್ತನೆ ಶುರುವಾಗಿತ್ತು. ಬೆಳಿಗ್ಗೆ ಶಟರ್ ತೆಗೆಯುವ ಮೊದಲೇ ಬಾಗಿಲಲ್ಲಿ ರೈತರು ಸಾಲು ನಿಂತಿರುತ್ತಿದ್ದರು. ಲಾರಿ ಬಂದರೆ ಹಮಾಲರು ಬೆನ್ನ ಮೇಲಿನ ಚೀಲವನ್ನು ಗೋದಾಮಿನ ಒಳಗೆ ಕೆಡವುತ್ತಾರೆ. ಅದು ಸರಿಯಾಗಿ ನನ್ನ ಕೋಣೆಯ ಕೆಳಗೆ. ಧಪ್ ಎಂದು ಒಂದು ಚೀಲ. ಸ್ವಲ್ಪ ಬಿಡುವು. ಮತ್ತೆ ಧಪ್. ಪ್ರತಿ ಸಲಕ್ಕೂ ಮಂಚದ ಕಾಲು ಸಣ್ಣಗೆ ನಡುಗುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಪರೀಕ್ಷೆಗೆ ಓದಿದ್ದೇ ಆ ಸದ್ದಿನ ಮೇಲೆ ಕೂತು. ಆದರೆ ಆ ವರ್ಷ ಪ್ರತಿ ಚೀಲಕ್ಕೂ ನಾನು ಗೋಡೆ ಹಿಡಿಯುತ್ತಿದ್ದೆ. ಬಿಡುವಿನಲ್ಲಿ ಮುಂದಿನದು ಯಾವ ಕಡೆಯಿಂದ ಬರುತ್ತದೆ ಎಂದು ಕಿವಿಗೊಡುತ್ತಿದ್ದೆ.

ಯಾವ ಕಡೆಯಿಂದ ಎಂಬುದೇ ಸಮುದ್ರದಲ್ಲಿ ಗೊತ್ತಾಗುತ್ತಿರಲಿಲ್ಲ.

ನಮ್ಮ ದೋಣಿಗೆ ಬಡಿದದ್ದು ಓರ್ಕಾಗಳು. ಓರ್ಕಾ ಎಂದರೆ ಕಪ್ಪುಬಿಳುಪಿನ ದೊಡ್ಡ ಕಡಲಪ್ರಾಣಿ. ತಾಯಿ, ಅಜ್ಜಿ, ಮಕ್ಕಳು ಎಂದು ಬಳಗ ಕಟ್ಟಿಕೊಂಡು ಬದುಕುತ್ತದೆ. ಜನ ತಿಮಿಂಗಿಲ ಎಂದರೂ ಅದು ಡಾಲ್ಫಿನ್ ಕುಟುಂಬದ್ದು. ಸ್ಪೇನ್, ಪೋರ್ಚುಗಲ್ ತೀರದ ಓರ್ಕಾಗಳಿಗೆ ಕೆಲವು ವರ್ಷಗಳಿಂದ ಒಂದು ಚಾಳಿ ಹತ್ತಿದೆ. ಹಾಯಿದೋಣಿಯ ಹಿಂದೆ ಬಂದು, ನೀರಿನಡಿ ಇರುವ ಚುಕ್ಕಾಣಿಯ ಹಲಗೆಗೆ ತಲೆಕೊಟ್ಟು ನೂಕುತ್ತವೆ. ಹಲಗೆ ಮುರಿಯುವವರೆಗೂ ನೂಕುತ್ತವೆ. ಅದು ಕೋಪವಲ್ಲ, ಆಟ ಎನ್ನುತ್ತಾರೆ ಬಲ್ಲವರು. ನಾನೂ ಹಾಗೇ ಓದಿದ್ದೆ. ಆಟ ಎಂದು ತಿಳಿದಿದ್ದರಿಂದ ದೋಣಿಯ ಒಳಗಿದ್ದ ನನಗೆ ಒಂದಿಷ್ಟೂ ಧೈರ್ಯ ಬರಲಿಲ್ಲ.

ನಮ್ಮ ಮನೆಯಲ್ಲೇ ಉಳಿದಿದ್ದ ಮಾಮ ಮಾತ್ರ ಬೇಗ ಸುಧಾರಿಸಿಕೊಂಡವನಂತೆ ಕಂಡ. ಅವನಿಗೊಂದು ಕತೆ ಸಿಕ್ಕಿತ್ತು. ಜುಲೈಯಲ್ಲಿ ಅವನ ಊರಿಗೆ ನನ್ನನ್ನೂ ಕರೆದುಕೊಂಡು ಹೋದ. ಬಸ್ಸು ಇಳಿದು ಹೋಟೆಲಿಗೆ ಕಾಲಿಡುವ ಮೊದಲೇ ಜನ ಸುತ್ತುವರಿದರು.

“ಗಂಗಾಧ್ರಣ್ಣ, ಆ ಮೀನು ನಿನ್ನ ಕೈ ಕಚ್ತಂತೆ, ಹೌದನಾ?”

“ಮೀನಲ್ಲ ಮಾರಾಯ. ಕಚ್ಚಲೂ ಇಲ್ಲ. ಚುಕ್ಕಾಣಿ ಚಕ್ರ ತಿರುಗಿ ಹೊಡೀತು.”

“ಎಷ್ಟು ದೊಡ್ಡದು?”

“ನಿಮ್ಮ ಟ್ರ್ಯಾಕ್ಟರ್ ಟ್ರೈಲಿ ಸಮೇತ ನೀರಿಗೆ ಬಿಟ್ಟಂಗೆ. ಒಂದಲ್ಲ, ಐದಾರು!”

ಆಮೇಲೆ ಎಲ್ಲರೂ ಬುದ್ಧಿ ಹೇಳಲು ನಿಂತರು. ಕಾಡುಪ್ರಾಣಿ ಓಡಿಸುವ ವಿಷಯದಲ್ಲಿ ನಮ್ಮ ಕಡೆಯವರಿಗೆ ಗೊತ್ತಿಲ್ಲದ್ದು ಇಲ್ಲ. ಒಬ್ಬರು, “ದೋಣಿ ಸುತ್ತ ಹಳೇ ಸೀರೆ ಕಟ್ಟಬೇಕಿತ್ತು” ಎಂದರು. ಇನ್ನೊಬ್ಬರು, “ಸೋಲಾರ್ ಬೇಲಿ ಹಾಕ್ಸು. ಒಂದು ಸಲ ಶಾಕ್ ಹೊಡೆದ್ರೆ ಅದರ ಮೊಮ್ಮಕ್ಕಳೂ ಬರಲ್ಲ” ಎಂದರು. “ನೀರಿಗೆ ಕರೆಂಟ್ ಬಿಟ್ರೆ ಮೊದ್ಲು ಇವ್ನೇ ಹೋಗ್ತಿದ್ದ” ಎಂದು ಮತ್ತೊಬ್ಬರು ನಗಿಸಿದರು. ಮಾಮನೂ ನಗುತ್ತಿದ್ದ. ಆಗ ಮೂಲೆಯಲ್ಲಿ ಚಹಾ ಆರಿಸುತ್ತಿದ್ದ ಹಿರಿಯರೊಬ್ಬರು, “ಅಲ್ಲವೋ ಗಂಗಾಧರ, ಹಂದಿ ಕಾಯೋ ಮನೇಲಿ ಹುಟ್ಟಿದೋನು ನೀನು. ಡಬ್ಬದ ಕೆಳಗೆ ಒಂದು ಪಟಾಕಿ ಇಟ್ಟಿದ್ರೆ ಮುಗೀತಿತ್ತಲ್ಲ!” ಎಂದರು.

ಮಾಮನ ನಗು ನಿಂತಿತು. ನನ್ನ ಕಡೆ ನೋಡಲಿಲ್ಲ. “ಸಮುದ್ರದಾಗೆ ಪಟಾಕಿ ಎಲ್ಲಿಂದ ತರ್ಲಿ, ದೊಡ್ಡಪ್ಪ” ಎಂದ.

ನಾನು ಲೋಟ ಕೆಳಗಿಟ್ಟೆ.

ನಡೆದದ್ದು ಹೀಗೆ. ಬೆಳಗಿನ ಹೊತ್ತು, ಗಾಳಿ ಕಡಿಮೆ ಇತ್ತು. ಚುಕ್ಕಾಣಿ ಚಕ್ರ ನನ್ನ ಕೈಯಲ್ಲಿತ್ತು. ಮಾಮ ಕೆಳಗಿನ ಒಲೆಯ ಮೇಲೆ ಅನ್ನಕ್ಕೆ ಇಟ್ಟಿದ್ದ. ಕುಕ್ಕರಿನ ಅನ್ನ ಅವನಿಗೆ ಸೇರದು. ಒಂದು ದೊಡ್ಡ ಸ್ಟೀಲ್ ಪಾತ್ರೆಯನ್ನು ದೋಣಿಯಿಂದ ದೋಣಿಗೆ ಹೊತ್ತು ತಿರುಗುತ್ತಿದ್ದ, ಅದರಲ್ಲೇ ಬೇಯಿಸಿ ಬಸಿಯುತ್ತಿದ್ದ. ಚಕ್ರ ಒಮ್ಮೆ ನನ್ನ ಕೈಯಿಂದ ತಾನಾಗಿ ಸರಿಯಿತು. ಅಲೆ ಇರಬೇಕೆಂದುಕೊಂಡೆ. ಇನ್ನೊಮ್ಮೆ ಸರಿಯಿತು. ಹಿಂದೆ ತಿರುಗಿದರೆ ಕಪ್ಪು ರೆಕ್ಕೆಯೊಂದು, ಬಾಗಿಲು ತೆರೆದುಕೊಳ್ಳುವ ಹಾಗೆ ಸದ್ದಿಲ್ಲದೆ, ನೀರಿನಿಂದ ಮೇಲೆ ಬಂತು.

“ಮಾಮ!”

ಇಂಥ ಹೊತ್ತಿಗೆ ಏನು ಮಾಡಬೇಕು ಎಂಬುದನ್ನು ಅಲ್ಲಿನ ಬಂದರುಗಳಲ್ಲಿ ಹೇಳಿಕೊಡುತ್ತಾರೆ. ಚಕ್ರ ಬಿಟ್ಟು ದೂರ ನಿಲ್ಲಬೇಕು. ಇಂಜಿನ್ ಹಾಕಿ ಆಳ ಕಡಿಮೆ ಇರುವ ದಂಡೆಯ ಕಡೆ ಹೋಗಬೇಕು. ಏನನ್ನೂ ಎಸೆಯಬಾರದು, ಸಿಡಿಸಬಾರದು. ಆ ಪ್ರಾಣಿಗಳು ಉಳಿದಿರುವುದೇ ಕೆಲವು, ಅವುಗಳಿಗೆ ಕಾನೂನಿನ ರಕ್ಷಣೆ ಇದೆ. ಮಾಮನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೇಳಿಕೊಟ್ಟ ಹಾಗೇ ಇಂಜಿನ್ ಹಾಕಿದ. ದೋಣಿ ಮುಂದೆ ಹೋಯಿತು. ಅವೂ ಬಂದವು. ಹಿಂದಿನಿಂದ ಧಪ್ ಎಂದು ಬಿತ್ತು. ಚುಕ್ಕಾಣಿ ಒಂದೇ ಕಡೆಗೆ ಸಿಕ್ಕಿಕೊಂಡು ದೋಣಿ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ದಂಡೆ ಕಣ್ಣಿಗೆ ಕಾಣುತ್ತಿತ್ತು. ಬಿಳಿ ಮನೆಗಳು ಕಾಣುತ್ತಿದ್ದವು. ಅವು ಒಮ್ಮೆ ಎಡಕ್ಕೆ ಬರುತ್ತಿದ್ದವು, ಒಮ್ಮೆ ಬೆನ್ನಿಗೆ ಹೋಗುತ್ತಿದ್ದವು.

ಆಗ ಮಾಮ ಕೆಳಗಿಳಿದು ಬೇಯುತ್ತಿದ್ದ ಅನ್ನವನ್ನು ತೊಟ್ಟಿಗೆ ಸುರಿದು ಖಾಲಿ ಪಾತ್ರೆ ತಂದ. ಇನ್ನೊಂದು ಕೈಯಲ್ಲಿ ಎರಡು ದಪ್ಪ ಪಟಾಕಿ. ಸ್ಪೇನಿನ ಯಾವುದೋ ಹಬ್ಬದ ಅಂಗಡಿಯಲ್ಲಿ ಕೊಂಡದ್ದು. ಲೈಫ್ ಜಾಕೆಟ್ ಪೆಟ್ಟಿಗೆಯಲ್ಲಿ ಅವನ್ನು ಮೊದಲೇ ನೋಡಿ ಕೇಳಿದ್ದೆ. “ದೀಪಾವಳಿಗೆ ಇರ್ಲಿ ಬಿಡೇ” ಎಂದಿದ್ದ.

ನಮ್ಮ ಕಡೆ ಹಂದಿ ಕಾಯುವವರು ಪಟಾಕಿಯನ್ನು ಬಯಲಿನಲ್ಲಿ ಹೊಡೆಯುವುದಿಲ್ಲ. ಖಾಲಿ ಎಣ್ಣೆ ಡಬ್ಬದ ಕೆಳಗಿಟ್ಟು ಹೊಡೆಯುತ್ತಾರೆ. ಡಬ್ಬ ಎಗರುತ್ತದೆ, ಒಂದು ಸದ್ದು ನಾಲ್ಕಾಗುತ್ತದೆ, ಹಂದಿ ಪಕ್ಕದವರ ಹೊಲಕ್ಕೆ ಓಡುತ್ತದೆ. ಮಾಮ ದೋಣಿಯ ಹಿಂಭಾಗದಲ್ಲಿ ಒಂದು ಪಟಾಕಿ ಹಚ್ಚಿಟ್ಟು ಅದರ ಮೇಲೆ ಪಾತ್ರೆ ಬೋರಲು ಹಾಕಿದ. ಬೇಡ ಮಾಮ ಎಂದೆನೋ, ಎಂದುಕೊಂಡೆನೋ. ಹಾಯಿದೋಣಿಯ ಒಡಲು ಟೊಳ್ಳು. ಆ ಸದ್ದು ನಮ್ಮ ಕಾಲಿನಿಂದ ತಲೆಯವರೆಗೆ ಹತ್ತಿತು. ಪಾತ್ರೆ ಎಗರಿ ಸಮುದ್ರಕ್ಕೆ ಬಿತ್ತು. ಎರಡನೆಯದಕ್ಕೆ ಪಾತ್ರೆ ಇರಲಿಲ್ಲ. ಹಚ್ಚಿ, ಬತ್ತಿ ಮುಗಿಯುತ್ತಾ ಬರುವವರೆಗೆ ಹಿಡಿದುಕೊಂಡು, ನೀರಿನ ಮೇಲಕ್ಕೆ ಎಸೆದ.

ಅಲ್ಲಿ ಒಂದು ಮರಿ ಇತ್ತು. ಓರ್ಕಾ ಮರಿಯ ಬಿಳಿ ಭಾಗ ಮೊದಮೊದಲು ಬಿಳಿ ಇರುವುದಿಲ್ಲ, ಕಿತ್ತಳೆ ಬಣ್ಣಕ್ಕೆ ತಿರುಗಿದ ಹಾಗಿರುತ್ತದೆ. ಹಾಗೆ ಕಿತ್ತಳೆ ಇರುವ ಒಂದು ಸಣ್ಣ ಮುಖ ನೀರಿನಿಂದ ಮೇಲೆ ಬಂದದ್ದನ್ನು ನಾನು ಕಂಡೆ. ಅದರ ಪಕ್ಕದಲ್ಲೇ ಪಟಾಕಿ ಸಿಡಿಯಿತು. ಹೊಗೆ ಸರಿದಾಗ ನೀರು ಖಾಲಿ ಇತ್ತು. ಮದ್ದಿನ ವಾಸನೆ ಮಾತ್ರ ಗಾಳಿಯಿಲ್ಲದೆ ಅಲ್ಲೇ ನಿಂತಿತ್ತು.

“ನೋಡ್ದಾ? ಹೋದ್ವು!” ಎಂದು ಮಾಮ ಜೋರಾಗಿ ನಕ್ಕ. “ಹಂದಿ ಆದ್ರೇನು, ತಿಮಿಂಗಿಲ ಆದ್ರೇನು!”

ಓಡಿಹೋಗಲು ಅಲ್ಲಿ ಪಕ್ಕದವರ ಹೊಲ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲವೂ ಒಟ್ಟಿಗೆ ಬಂದವು. ಸದ್ದಿಗೆ ಬಂದವೋ, ಅದಿಲ್ಲದಿದ್ದರೂ ಬರುತ್ತಿದ್ದವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲ ಹೊಡೆತಕ್ಕೆ ಮಾಮ ಚಕ್ರಕ್ಕೆ ಕೈ ಹಾಕಿದ, ಚಕ್ರ ಗಿರ್ರನೆ ತಿರುಗಿತು, ಅವನ ಮಣಿಕಟ್ಟು ಹಸಿ ಕಡ್ಡಿ ಮುರಿದ ಹಾಗೆ ಮುರಿಯಿತು. ಎರಡನೆಯದಕ್ಕೋ ಮೂರನೆಯದಕ್ಕೋ ಚುಕ್ಕಾಣಿಯ ಹಲಗೆಯ ಅರ್ಧ ನಮ್ಮ ಪಕ್ಕದಲ್ಲೇ ತೇಲಿಹೋಯಿತು. ಚುಕ್ಕಾಣಿಯ ದಂಡ ಒಳಗೆ ಬರುವ ಜಾಗ ಬಿರುಕುಬಿಟ್ಟು, ಹಿಂದಿನ ಕೋಣೆಗೆ ನೀರು ನುಗ್ಗಿತು.

ನಾವು ಒಳಗಿಳಿದೆವು. ಮೇಲಿದ್ದರೆ ಸಮುದ್ರಕ್ಕೆ ಬೀಳುತ್ತೇವೆ, ಒಳಗಿದ್ದರೆ ಮುಳುಗುತ್ತೇವೆ ಎಂಬ ಹಾಗಿತ್ತು. ಹಾಸಿಗೆ ಮಡಚಿ ಬಿರುಕಿಗೆ ತುರುಕಿದೆ. ಮಾಮ ಅದಕ್ಕೆ ಬೆನ್ನು ಕೊಟ್ಟು, ಎದುರು ಗೋಡೆಗೆ ಕಾಲು ಒದ್ದು ಕೂತ. ಮುರಿದ ಕೈ ತೊಡೆಯ ಮೇಲೆ, ಬೇರೆ ಯಾರದ್ದೋ ಎಂಬಂತೆ ಬಿದ್ದಿತ್ತು. ನಾನು ರೇಡಿಯೋದಲ್ಲಿ ಕೂಗುತ್ತಾ ಕೈಪಂಪು ಒತ್ತುತ್ತಾ ಇದ್ದೆ. ಕೆಳಗಿನಿಂದ ಧಪ್. ಬಿಡುವು. ಪಕ್ಕದಿಂದ ಧಪ್. ನಡುವೆ ಅವುಗಳ ಸಿಳ್ಳು, ಒದ್ದೆ ಬೆರಳಿನಿಂದ ಸ್ಟೀಲ್ ತಟ್ಟೆ ಉಜ್ಜಿದ ಹಾಗೆ. ಆ ಸದ್ದು ಒಡಲಿನ ಗೋಡೆಯನ್ನು ದಾಟಿ ಹಲ್ಲಿಗೆ ಬರುತ್ತಿತ್ತು. ಈಗ ಡಬ್ಬದ ಕೆಳಗೆ ಇದ್ದವರು ನಾವು. ಮಾಮ ಅಳುತ್ತಿದ್ದ. “ಅವ್ವಾ, ಅವ್ವಾ” ಎನ್ನುತ್ತಿದ್ದ. ಬೆನ್ನು ಮಾತ್ರ ಹಾಸಿಗೆಯಿಂದ ತೆಗೆಯಲಿಲ್ಲ.

ರಕ್ಷಣಾ ದೋಣಿ ಬಂದಾಗ ಓರ್ಕಾಗಳು ಇರಲಿಲ್ಲ. ಯಾವಾಗ ಹೋದವೋ ನಮಗೆ ತಿಳಿಯಲೇ ಇಲ್ಲ. ಅವು ಹೋದದ್ದನ್ನು ನೋಡಿದ್ದರೆ ಒಳ್ಳೆಯದಿತ್ತು.

ಇಷ್ಟೂ ಕತೆಯಲ್ಲಿ ಎರಡು ಸದ್ದನ್ನು ಮಾಮ ತೆಗೆದುಹಾಕಿದ್ದ. ಹೋಟೆಲಿನಲ್ಲಿ, ಬಸ್ಸಿನಲ್ಲಿ, ನಮ್ಮ ಅಂಗಡಿಯ ಕಟ್ಟೆಯ ಮೇಲೆ, ಎಲ್ಲ ಕಡೆ ಕತೆ ಬಂತು, ಆ ಸದ್ದು ಬರಲಿಲ್ಲ. ಕೇಳುವವರು ನನ್ನ ಕಡೆ ತಿರುಗಿ, “ಹೌದೇನವ್ವ?” ಎಂದರೆ ನಾನು ಹೂಂಗುಟ್ಟಬೇಕಿತ್ತು. ಆದರೆ ನನ್ನ ತಲೆಯೊಳಗೆ ಕತೆ ಶುರುವಾದರೆ ಸರಿಯಾಗಿ ಪಾತ್ರೆ ಬೋರಲು ಹಾಕುವ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಅದನ್ನು ದಾಟದೆ ಮುಂದೆ ಹೋಗುವ ಹಾಗಿಲ್ಲ, ದಾಟಿದರೆ ಮಾಮ ಸಿಕ್ಕಿಬೀಳುತ್ತಾನೆ. ಆದ್ದರಿಂದ ಮತ್ತೆ ಮೊದಲಿಗೆ, ಚಕ್ರ ಕೈಯಿಂದ ಸರಿಯುವ ಜಾಗಕ್ಕೆ ಹೋಗುತ್ತಿದ್ದೆ. ಹೀಗೆ ಆ ಮಳೆಗಾಲ ಪೂರ್ತಿ ನಾನು ದೋಣಿಯಿಂದ ಇಳಿಯಲೇ ಇಲ್ಲ. ರಕ್ಷಣಾ ದೋಣಿ ಬರುವವರೆಗೆ ಕತೆ ಒಮ್ಮೆಯೂ ಸಾಗಲಿಲ್ಲ.

ಜುಲೈ ಕೊನೆಗೆ ಸ್ಪೇನ್ ದೇಶದ ಕಡಲ ಇಲಾಖೆಯ ವಿಚಾರಣಾಧಿಕಾರಿಯಿಂದ ಫೋನು ಬಂತು. ಹೆಂಗಸು. ಅವತ್ತು ದೂರದಲ್ಲಿ ಬಲೆ ಎಳೆಯುತ್ತಿದ್ದ ಮೀನುಗಾರರು ಎರಡು ಸಿಡಿತ ಕೇಳಿದ್ದಾಗಿ ಹೇಳಿದ್ದರಂತೆ. ಅದು ಹಾಯಿಯ ಅಡ್ಡಕಂಬ ಬಡಿದ ಸದ್ದು ಎಂದು ಮಾಮ ಆಗಲೇ ಹೇಳಿಕೆ ಕೊಟ್ಟಿದ್ದ. ದೋಣಿಯಲ್ಲಿ ಇದ್ದ ಇನ್ನೊಬ್ಬಳು ನಾನು. ನನ್ನನ್ನು ವಿಡಿಯೋ ಕರೆಯಲ್ಲಿ ಬೇರೆಯಾಗಿ ಕೇಳಬೇಕಂತೆ. ಸ್ಫೋಟಕ ಬಳಸಿದ್ದು ನಿಜವಾದರೆ ಮಾಮನ ಪರ್ಮಿಟ್ ಹೋಗುತ್ತದೆ.

ಮಾಮ ನನ್ನನ್ನು ಅಂಬ್ಲಿಗೊಳಕ್ಕೆ ಕರೆದುಕೊಂಡು ಹೋದ. ಅವನ ಕೈ ಕಟ್ಟಿನಲ್ಲಿದ್ದ ಕಾರಣ ಅಂಗಡಿಯ ಆಟೋದವರು ಬಿಟ್ಟುಹೋದರು. ಜಲಾಶಯಕ್ಕೆ ಕೆಂಪು ನೀರು ಬಂದು ಅಂಚಿನ ಗಿಡಗಳು ಸೊಂಟದವರೆಗೆ ಮುಳುಗಿದ್ದವು. ಮಳೆ ಹನಿಯುತ್ತಿತ್ತು. ನಾನು ಏರಿಯ ಮೇಲೆ ನೀರಿಗೆ ಬೆನ್ನು ಹಾಕಿ ಕೂತೆ.

“ಆ ಕಡೆ ತಿರುಗೇ ಮಂಜಿ. ಇದ್ರಾಗೆ ಯಾವ ಓರ್ಕಾನೂ ಇಲ್ಲ. ಇದ್ರೆ ಒಂದೆರಡು ನೀರ್‌ನಾಯಿ ಅಷ್ಟೆ.”

“ಹಿಂಗೇ ಇರ್ತೀನಿ ಬಿಡು ಮಾಮ.”

ನನ್ನ ಪಕ್ಕಕ್ಕೆ ಬಂದು ಕೂತ. ಆಮೇಲೆ, “ಆ ಮೇಡಂ ಕೇಳಿದ್ರೆ ಕಂಬ ಬಡೀತು ಅನ್ನು, ಅಷ್ಟೇ. ಸುಳ್ಳೇನಲ್ಲ. ಕಂಬನೂ ಬಡೀತಿತ್ತಲ್ಲ” ಎಂದ.

“ಪಟಾಕಿ?”

“ಅದು ಸಮುದ್ರದಾಗೆ ಹೋತು. ಇನ್ನು ಯಾರಿಗೆ ಸಿಗ್ತೈತೆ ಅದು?”

“ನಂಗೆ ದಿನಾ ಸಿಗ್ತೈತೆ ಮಾಮ.”

ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತ. “ನಂಗೆ ಬ್ಯಾರೆ ಕೆಲ್ಸ ಬರಲ್ಲ ಕಣೇ. ಹೊಲ ಇಲ್ಲ. ಈ ವಯಸ್ಸಿನಾಗೆ ನಿಮ್ಮಪ್ಪನ ಅಂಗಡ್ಯಾಗೆ ಚೀಲ ಎಣಿಸ್ಕಂತ ಕೂರ್ಲಾ? ನಿನ್ನ ಉಳಿಸಾಕೇ ಹೊಡೆದಿದ್ದು ನಾನು. ನೀನು ದೋಣ್ಯಾಗೆ ಇದ್ದಿಯಲ್ಲ, ಅದಕ್ಕೇ ಹೊಡೆದೆ.”

ಅದೂ ನಿಜ. ಒಬ್ಬನೇ ಇದ್ದಿದ್ದರೆ ಮಾಮ ಹಾಗೆ ಗಾಬರಿಯಾಗುತ್ತಿರಲಿಲ್ಲ. ಬೆನ್ನ ಹಿಂದೆ ನೀರು ಕಲ್ಲಿಗೆ ಸಣ್ಣಗೆ ಬಡಿಯುತ್ತಿತ್ತು. ಎದ್ದು ಆಟೋ ನಿಲ್ಲುವ ಕಡೆ ನಡೆದೆ.

ಮನೆಯಲ್ಲಿ ಅವ್ವ ಇನ್ನೊಂದು ಕಡೆಯಿಂದ ಹಿಡಿದಳು. “ನಿಂಗೆ ಸಮುದ್ರ ಅಂದ್ರೇನು ಅಂತ ತೋರ್ಸಿದ್ದು ಯಾರು? ಫಾರಿನ್ನಿಗೆ ಕಳ್ಸಬ್ಯಾಡ ಅಂತ ನಿಮ್ಮಪ್ಪ ಕೂತ್ಕಂಡಾಗ ಬಂದು ಜಗಳ ಆಡಿದ್ದು ಯಾರು? ಒಂದು ಪ್ರಾಣಿ ಮಕ ನೋಡಿ ಸ್ವಂತ ಮಾಮನ ಅನ್ನಕ್ಕೆ ಮಣ್ಣು ಹಾಕ್ತೀಯಾ?”

“ಅವ್ವಾ, ನಾನಿನ್ನೂ ಏನೂ ಹೇಳಿಲ್ಲ.”

“ಹೇಳ್ಬ್ಯಾಡ ಅಂತಾನೇ ನಾನು ಹೇಳ್ತಿರೋದು.”

ಅಪ್ಪ ಮಾತ್ರ ಬಾಯಿ ಹಾಕಲಿಲ್ಲ. ಊಟದ ನಡುವೆ ಎದ್ದು ಹೋಗಿ ಲಾರಿ ಬಂತೇನೋ ಎಂದು ಕಿಟಕಿಯಿಂದ ನೋಡಿಬಂದರು. ಬಂದಿರಲಿಲ್ಲ. ಮನೆಯಲ್ಲಿ ಕೂರಲು ಅವರಿಗೂ ಆಗುತ್ತಿರಲಿಲ್ಲ. ಆ ದಿನಗಳಲ್ಲಿ ಮಾಮ ನನ್ನೊಡನೆ ಎಂದಿಗಿಂತ ಹೆಚ್ಚು ಪ್ರೀತಿಯಿಂದ ಇದ್ದ. ಎಡಗೈಯಲ್ಲೇ ಮಂಡಕ್ಕಿ ಕಲಸಿಕೊಡುತ್ತಿದ್ದ. ಪೇಟೆಯಿಂದ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ. ಬೈದಿದ್ದರೆ ಸುಲಭವಾಗುತ್ತಿತ್ತು. ಬಾಗಿಲು ಹಾಕಿಕೊಂಡು ಕೂತರೆ ಕೆಳಗೆ ಚೀಲಗಳು ಬೀಳುತ್ತಿದ್ದವು, ತೆಗೆದರೆ ಎದುರಿಗೆ ಮಿರ್ಚಿಯ ಪೊಟ್ಟಣ ಹಿಡಿದ ಮಾಮ ನಿಂತಿರುತ್ತಿದ್ದ.

ಕರೆ ಬಂದದ್ದು ಒಂದು ಮಧ್ಯಾಹ್ನ. ಒಬ್ಬಳೇ ಇರಬೇಕು ಎಂದು ಅಧಿಕಾರಿ ಮೊದಲೇ ತಿಳಿಸಿದ್ದರು. ಮಾಮ ಹೊರಗೆ ಹೋದ. ಹೋದವನು ಮೆಟ್ಟಿಲು ಇಳಿಯಲಿಲ್ಲ. ಬಾಗಿಲ ಅಡಿಯ ಸಂದಿಯಲ್ಲಿ ಅವನ ಕಾಲ ನೆರಳು ಕಾಣುತ್ತಿತ್ತು. ಪರದೆಯ ಮೇಲಿನ ಹೆಂಗಸು ಅವ್ವನ ವಯಸ್ಸಿನವರು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದರು. ಆತುರವಿಲ್ಲದ ಇಂಗ್ಲಿಷ್‌ನಲ್ಲಿ, “ನಿಮಗೆ ನೆನಪಿರುವ ಹಾಗೆ, ಮೊದಲಿನಿಂದ ಹೇಳಿ” ಎಂದರು.

ಗಾಳಿ ಕಡಿಮೆ ಇತ್ತು ಎಂದೆ. ಚಕ್ರ ಕೈಯಿಂದ ಸರಿಯಿತು ಎಂದೆ. ರೆಕ್ಕೆ, ಇಂಜಿನ್, ಸುತ್ತುವ ದೋಣಿ, ಬಿಳಿ ಮನೆಗಳು, ಎಲ್ಲವನ್ನೂ ಹೇಳಿದೆ. ಪಾತ್ರೆಯ ಹತ್ತಿರ ಬಂದು ನಿಂತೆ. ಕೆಳಗೆ ಗೋದಾಮಿನಲ್ಲಿ ಒಂದು ಚೀಲ ಬಿತ್ತು. ನನ್ನ ಕೈ ತಾನಾಗಿ ಗೋಡೆಗೆ ಹೋದದ್ದನ್ನು ಅವರು ಪರದೆಯಲ್ಲಿ ನೋಡಿದರು. ಇನ್ನೊಂದು ಚೀಲ ಬಿತ್ತು. ಬಾಗಿಲ ಕೆಳಗಿನ ನೆರಳು ಅಲುಗಲಿಲ್ಲ.

“ಆಮೇಲೆ?” ಎಂದರು.

“ಆಮೇಲೆ ಮಾಮ ಅನ್ನದ ಪಾತ್ರೆ ತಂದ” ಎಂದೆ.

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಎರಡು ಸದ್ದು, ಕಿತ್ತಳೆ ಮುಖ, ಹೊಗೆ. ಹೊಗೆಯ ಆಚೆಗೆ ಏನಿತ್ತೋ ಅದೂ ಬಂತು. ಮಣಿಕಟ್ಟು ಮುರಿದದ್ದು, ತೇಲಿಹೋದ ಹಲಗೆ, ಹಾಸಿಗೆ. ಆ ಮನುಷ್ಯ ಮುರಿದ ಕೈ ಹಿಡಿದುಕೊಂಡು ಅಳುತ್ತಲೇ ನೀರಿಗೆ ಬೆನ್ನು ಕೊಟ್ಟು ಕೂತಿದ್ದ, ಅವನು ಎದ್ದಿದ್ದರೆ ನಾನು ಇವತ್ತು ನಿಮ್ಮೊಡನೆ ಮಾತಾಡುತ್ತಿರಲಿಲ್ಲ, ಅದನ್ನೂ ಬರೆದುಕೊಳ್ಳಿ ಎಂದೆ. ರಕ್ಷಣಾ ದೋಣಿಯ ಹುಡುಗ ನನ್ನ ತೋಳು ಹಿಡಿದು ಮೇಲಕ್ಕೆಳೆದುಕೊಂಡದ್ದನ್ನು ಹೇಳಿ ಮುಗಿಸಿದೆ. ಅಷ್ಟು ದೂರ ಬಂದದ್ದು ಅದೇ ಮೊದಲ ಸಲ.

ಅಧಿಕಾರಿ ಬರೆದುಕೊಳ್ಳುತ್ತಿದ್ದರು. “ಎರಡನೆಯದನ್ನು ಎಸೆದಾಗ ಮರಿ ಅಲ್ಲಿರುವುದನ್ನು ಅವರು ನೋಡಿದ್ದರೇ?” ಎಂದು ಕೇಳಿದರು.

“ಇಲ್ಲ. ಅವನು ಬತ್ತಿ ನೋಡುತ್ತಿದ್ದ. ಮರಿಯನ್ನು ಕಂಡದ್ದು ನಾನೊಬ್ಬಳೇ.”

ಬಾಗಿಲು ತೆರೆಯಿತು. ಮಾಮ ಒಳಗೆ ಬಂದು ನನ್ನ ಪಕ್ಕದಲ್ಲಿ, ಮಂಚದ ಅಂಚಿಗೆ ಕೂತ. ನನ್ನನ್ನು ನೋಡಲಿಲ್ಲ. ಪರದೆಗೆ ನಮಸ್ಕಾರ ಮಾಡಲು ಹೋದ. ಪ್ಲಾಸ್ಟರ್ ಅಡ್ಡ ಬಂತು. ಎಡಗೈ ಒಂದನ್ನೇ ಎದೆಗಿಟ್ಟ. ಆಮೇಲೆ ತನ್ನ ಹಡಗಿನ ಇಂಗ್ಲಿಷ್‌ನಲ್ಲಿ, ಮೇಲಿನವರಿಗೆ ವರದಿ ಒಪ್ಪಿಸುವ ಧಾಟಿಯಲ್ಲಿ ಹೇಳಿದ.

“ಮೇಡಂ, ನಾನು ನೋಡಿದ್ದೆ. ಮರಿ ಇತ್ತು. ನೋಡಿಯೇ ಎಸೆದೆ. ಮರಿ ಹೆದರಿದರೆ ತಾಯಿ ಅದನ್ನು ಕರೆದುಕೊಂಡು ಹೋಗುತ್ತಾಳೆ ಅಂತ ಲೆಕ್ಕ. ನಮ್ಮ ಊರಲ್ಲಿ ಹಂದಿಗೆ ಹಾಗೇ ಮಾಡುತ್ತೇವೆ.”

ನಾನು ಅವನ ಕಡೆ ತಿರುಗಿದೆ. ತಿಂಗಳುಗಟ್ಟಲೆ ಒಂದೇ ಮನೆಯಲ್ಲಿ ಇದ್ದೆವು. ನನ್ನ ಪಕ್ಕದ ಕೋಣೆಯಲ್ಲಿ ಅವನೂ ಆ ಕಿತ್ತಳೆ ಮುಖವನ್ನೇ ನೋಡುತ್ತಿದ್ದ. ಅದು ನನಗೆ ಹೊಳೆದಿರಲೇ ಇಲ್ಲ.

“ನನ್ನ ಮೊದಲ ಹೇಳಿಕೆ ತಪ್ಪು. ಅಡ್ಡಕಂಬ ಅಲ್ಲ” ಎಂದ. “ಒಂದು ವಿಷಯ ಕೇಳಬೇಕಿತ್ತು. ಯಾರನ್ನು ಕೇಳುವುದು ಗೊತ್ತಾಗಲಿಲ್ಲ. ಆ ಮರಿ ಏನಾಯಿತು? ನಿಮಗೇನಾದರೂ ಗೊತ್ತೇ?”

ಅಧಿಕಾರಿ ಕನ್ನಡಕವನ್ನು ತಲೆಯಿಂದ ಕಣ್ಣಿಗಿಳಿಸಿ ಮಾಮನನ್ನು ನೋಡಿದರು. ಅಲ್ಲಿನ ಓರ್ಕಾಗಳನ್ನು ಬೆನ್ನಿನ ರೆಕ್ಕೆಯ ಗುರುತಿನಿಂದ ಒಂದೊಂದಾಗಿ ಬಲ್ಲವರಿದ್ದಾರೆ, ವಿಚಾರಿಸಬಹುದು ಎಂದರು. ಹೇಳಿಕೆ ಬದಲಿಸಿದ್ದಕ್ಕೆ ಏನಾಗಬಹುದು ಎಂಬುದನ್ನೂ ತಿಳಿಸಿದರು. ಮಾಮ ಎಲ್ಲದಕ್ಕೂ “ಎಸ್ ಮೇಡಂ” ಎಂದ.

ಪರದೆ ಕಪ್ಪಾಯಿತು. ಮಾಮ, “ಅಳ್ತಿದ್ದೆ ಅಂತ ಯಾಕೆ ಹೇಳ್ದೆ?” ಎಂದ.

“ಅಳ್ತಿದ್ದೆಯಲ್ಲ ಮಾಮ.”

“ಅಳ್ತಿದ್ದೆ. ಆದ್ರೂ ಬ್ಯಾರೆ ದೇಶದೋರಿಗೆಲ್ಲ ಹೇಳ್ಬೇಕೇನೇ?” ಎಂದು ಎದ್ದುಹೋದ.

ಅವತ್ತಿನಿಂದ ಅವನು ಹೋಟೆಲಿನಲ್ಲಿ ಕತೆ ಹೇಳುವುದನ್ನು ನಿಲ್ಲಿಸಿದ. ಯಾರಾದರೂ ಕೇಳಿದರೆ, “ಹೂಂ, ಹೊಡೆದ್ವು, ಮುರೀತು” ಎಂದು ಮುಗಿಸುತ್ತಿದ್ದ. ಅವ್ವ ನನ್ನೊಡನೆ ಮಾತು ಬಿಟ್ಟಳು. ಮಾಮ ಫೋನನ್ನು ಜೇಬಿನಲ್ಲಿಡದೆ ಕೈಯಲ್ಲೇ ಹಿಡಿದು ತಿರುಗುತ್ತಿದ್ದ, ಸ್ನಾನಕ್ಕೆ ಹೋದರೆ ನನ್ನ ಕೈಗೆ ಕೊಡುತ್ತಿದ್ದ. ಪರ್ಮಿಟ್ಟಿನ ಚಿಂತೆ ಎಂದುಕೊಂಡೆವು. ಗೊಬ್ಬರದ ಗದ್ದಲ ಮುಗಿಯಿತು. ಮಳೆ ಬಿಟ್ಟು ಬಿಟ್ಟು ಬರತೊಡಗಿತು. ಪ್ಲಾಸ್ಟರ್ ಬಿಚ್ಚಿದಾಗ ಅವನ ಮಣಿಕಟ್ಟು ತೆಳ್ಳಗೆ, ಬಿಳಿಚಿಕೊಂಡಿತ್ತು.

ಫೋನು ಬಂದಾಗ ಊಟದ ಹೊತ್ತು. ಅವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಮಾಮ ತಟ್ಟೆಯ ಮುಂದಿನಿಂದ ಎದ್ದು ಬಾಲ್ಕನಿಗೆ ಹೋದ. ಅಲ್ಲಿಂದ ಬರೀ “ಎಸ್ ಮೇಡಂ, ಎಸ್ ಮೇಡಂ” ಕೇಳಿಸುತ್ತಿತ್ತು. ನಡುವೆ ಒಮ್ಮೆ ದನಿ ನಿಂತುಹೋಯಿತು. ಅಪ್ಪ ತುತ್ತು ಹಿಡಿದುಕೊಂಡೇ ಕೂತಿದ್ದರು. ಒಳಗೆ ಬಂದಾಗ ಮಾಮನ ಮುಖದಲ್ಲಿ ನಗುವಿತ್ತು. ಊರಿಗೆ ಬಂದಾಗಿನಿಂದ ನಾನು ನೋಡಿದ ನಗು ಅದಾಗಿರಲಿಲ್ಲ.

“ಅಕ್ಕಾ, ಮರಿ ಚೆನ್ನಾಗೈತಂತೆ! ಹೋದ ವಾರ ನೋಡಿದಾರೆ. ತಾಯಿ ಪಕ್ಕದಾಗೇ ಈಜ್ತಿತ್ತಂತೆ.”

ಅವ್ವನ ಕೈ ರೊಟ್ಟಿಯ ಮೇಲಿಂದ ಏಳಲಿಲ್ಲ. “ಮರಿ ಇರ್ಲಿ. ನಿನ್ನ ಪರ್ಮಿಟ್ಟು ಏನಾತು, ಅದನ್ನ ಹೇಳು.”

“ಅದು ಹೋತು” ಎಂದ ಮಾಮ, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾ. “ಇನ್ನೊಂದು ರೊಟ್ಟಿ ಹಾಕು.”